ಕರಟದ ಉಪ್ಪು

“ಕದ್ದದ್ದಲ್ಲ ಒಡೆಯಾ, ನೋಡಿ!” ಮಂಜಿ ಸೆರಗಿನ ಮರೆಯಿಂದ ತೆಂಗಿನ ಕರಟ ತೆಗೆದು ಕಾರವಾರದ ಮ್ಯಾಜಿಸ್ಟ್ರೇಟರ ಮೇಜಿನ ಮೇಲಿಟ್ಟಳು. “ನಮ್ಮ ಹಟ್ಟಿಕೇರಿ ಸಮುದ್ರದ ನೀರು ಕಾಸಿ ಇವ್ರೇ ಮಾಡಿದ ಉಪ್ಪು. ಯಾರ ಮನೇದೂ ಅಲ್ಲ.”

ಪೊಲೀಸರು ಜಪ್ತಿ ಮಾಡಿದ್ದ ಉಪ್ಪು ಮಳೆಗಾಲದ ಥಂಡಿಗೆ ಕರಗಿಹೋಗಿತ್ತು. ಪುರಾವೆಯಿಲ್ಲದೆ ಅವಳ ಗಂಡ ಜಟ್ಟನನ್ನು ಬಿಡಬೇಕಾಗುತ್ತದೆ ಎಂದು ಸಾಹೇಬರು ಆಗಷ್ಟೇ ಇಂಗ್ಲಿಷಿನಲ್ಲಿ ಹೇಳಿದ್ದರು. ಅವಳಿಗೆ ಅದು ತಿಳಿದಿರಲಿಲ್ಲ.

ಸಾಹೇಬರು ಚಿಟಿಕೆ ಉಪ್ಪನ್ನು ನಾಲಿಗೆಗಿಟ್ಟು ನೋಡಿ, ಲೇಖನಿ ಎತ್ತಿಕೊಂಡರು. “ಆರು ತಿಂಗಳು.”

“ಕದ್ದಿಲ್ಲ ಅಂದ್ನಲ್ಲ!”

“ಕದಿಯೂದಲ್ಲ ಮಾರಾಯ್ತಿ, ಮಾಡೂದೇ ಗುನ್ನೆ. ಸರ್ಕಾರದ ಕಾಯ್ದೆ,” ಎಂದ ಬಾಗಿಲ ಪಟ್ಟೇವಾಲ.

ಮಂಜಿ ಕರಟವನ್ನು ಹಿಂದಕ್ಕೆಳೆಯಲು ಹೋದಳು. ಸಾಹೇಬರ ಕೈ ಅದರ ಮೇಲಿತ್ತು.

“ಬಿಡೇ, ನೀ ಖರೇನೇ ಹೇಳ್ದೆ,” ಎಂದು ಜಟ್ಟ ನಕ್ಕ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ನಕ್ಕುಬಿಟ್ಟನಲ್ಲ.