ಎಡಗಾಲಿನ ಕಾಲುಂಗುರ

ಬಸ್ಸಿನಿಂದ ಇಳಿಯುವಾಗ ಇಂದುಮತಿಯ ಎಡಗಾಲು ಚರಂಡಿಯ ಕಂಬಿಗಳ ನಡುವೆ ಸಿಕ್ಕಿಕೊಂಡಿತು. ಮೈ ಮಾತ್ರ ಮುಂದಕ್ಕೆ ಹೋಯಿತು. ಪಾದದ ನಡುವಿನ ಕೀಲು ತಪ್ಪಿದೆ ಎಂದರು ಡಾಕ್ಟರು. ಅವರ ಇಪ್ಪತ್ತು ವರ್ಷದ ಅನುಭವದಲ್ಲಿ ಇಂಥದ್ದು ಎರಡನೆಯದಂತೆ. ಪಾದವನ್ನು ಕೊಯ್ದು, ಮೂಳೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ತಂತಿ ಹಾಕಿ ನಿಲ್ಲಿಸಬೇಕು. ತಡವಾದರೆ ಬೆರಳುಗಳಿಗೆ ರಕ್ತ ಹೋಗುವುದಿಲ್ಲ.

ಊದಿಕೊಂಡ ಬೆರಳಿನಲ್ಲಿ ಕಾಲುಂಗುರ ಹೂತುಹೋಗಿತ್ತು. ಸಿಸ್ಟರ್ ಫ್ಲಾವಿಯಾ ಕಟರ್ ಹಿಡಿದುಕೊಂಡು ಬಂದರು.

"ಗಂಡ ಬದುಕಿರೋವಾಗ ಅದನ್ನ ತೆಗೆಯೋ ಹಾಗಿಲ್ಲ," ಎಂದಳು ಇಂದುಮತಿ.

"ಬೆರಳೇ ಹೋದ್ಮೇಲೆ ಉಂಗುರ ಎಲ್ಲಿಗೆ ಹಾಕ್ಕೊಳ್ತೀರಮ್ಮ?"

"ಅವರಿಗೊಂದು ಫೋನ್ ಮಾಡಿ ಕೇಳಿ."

ಸಿಸ್ಟರ್ ನಂಬರು ಬರೆದುಕೊಂಡು ಹೊರಗೆ ಹೋದವರು ಐದು ನಿಮಿಷದಲ್ಲಿ ಮರಳಿದರು.

"ಸ್ನಾನಕ್ಕೆ ಹೋಗಿದ್ದಾರಂತೆ. ಯಾರೋ ಹೆಂಗಸು ಮಾತಾಡಿದ್ರು. ನಿಮ್ಮ ಮಗಳಾ?"

"ಮಗಳಲ್ಲ. ಹನ್ನೊಂದು ವರ್ಷದಿಂದ ಅವರಿರೋದು ಅವಳ ಮನೇಲೇ."

ಸಿಸ್ಟರ್ ಸ್ವಚ್ಛವಾಗಿಯೇ ಇದ್ದ ಕಟರನ್ನು ಇನ್ನೊಮ್ಮೆ ಒರೆಸಿದರು.

"ಅವಳಿಗೆ ಏನು ಹೇಳಿದ್ರಿ?" ಇಂದುಮತಿ ಕೇಳಿದಳು.

"ಇದ್ದದ್ದನ್ನೇ ಹೇಳ್ದೆ. ಕಾಲು ಹೋದ್ರೂ ಸರಿ, ಗಂಡ ಇರೋ ತನಕ ಕಾಲುಂಗುರ ತೆಗೆಯಲ್ಲ ಅಂತ ಅವರ ಹೆಂಡತಿ ಹಟ ಹಿಡಿದು ಕೂತಿದ್ದಾರೆ, ಸ್ವಲ್ಪ ಬುದ್ಧಿ ಹೇಳೋಕೆ ಹೇಳಿ ಅಂತ."

"ಅದಕ್ಕೆ ಏನಂದ್ಲು?"

"ಪಟ್ಟಂತ ಫೋನ್ ಇಟ್ಬಿಟ್ರು."

ಇಂದುಮತಿ ದಿಂಬಿಗೆ ಒರಗಿಕೊಂಡು ಸೆರಗು ಸರಿಮಾಡಿಕೊಂಡಳು.

"ಈಗ ಕತ್ತರಿಸಿ," ಎಂದಳು.