ಸೀಟಿನ ಎತ್ತರ

ಕೆಲಸ ಕೇಳಿ ಬಂದವನು ಸೈಕಲ್ ಏರಿ ಕೂತಾಗ ಸೀಟು ಅವನ ಅಳತೆ ತೆಗೆದುಕೊಂಡೇ ಕೂರಿಸಿದಂತಿತ್ತು. ಕೊರಿಯರ್ ಅಂಗಡಿಯ ಮಾಲೀಕ ನಿಟ್ಟುಸಿರು ಬಿಟ್ಟ. "ಆ ಸೀಟನ್ನ ನಾವು ಏರಿಸಲ್ಲ, ಇಳಿಸಲ್ಲ. ಸರಿಹೊಂದೋನು ಬರ್ಲಿ ಅಂತ ಕಾಯ್ತೀವಿ. ಕೆಲಸ ನಿಂದೇ."

ಈ ಪರದೇಶಕ್ಕೆ ಬಂದಾಗಿನಿಂದ ಭಾವನ ಕೋಣೆಯಲ್ಲಿ ಬಿಟ್ಟಿ ಕೂಳು ತಿಂದು ಅವನಿಗೆ ಸಾಕಾಗಿತ್ತು. ಮಾಲೀಕ ಕೊಟ್ಟ ಚೀಲವನ್ನು ಹೆಗಲಿಗೇರಿಸಿದ. ಅದರ ಪಟ್ಟಿಯೂ ಅವನ ಹೆಗಲಿನ ಆಕಾರಕ್ಕೇ ಸವೆದಿತ್ತು.

ಮೊದಲ ಪಾರ್ಸೆಲ್ ಹಿಂದಿನ ಬೀದಿಯ ಮೇಲ್ಮಹಡಿಗೆ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಕಣ್ಣು ಕಾಣದ ಮುದುಕಿಯೊಬ್ಬಳು ಪಾರ್ಸೆಲ್ ಕಡೆ ಕೈಚಾಚದೆ ಅವನ ಹೆಗಲು ತಡವಿ, ಪಟ್ಟಿ ಸವೆದಲ್ಲಿ ಬೆರಳು ನಿಲ್ಲಿಸಿದಳು. "ಬಂದ್ಯಾ ಕಂದಾ? ಬಾ, ಊಟ ಆರ್ತಿದೆ."

"ನಾನು ಹೊಸಬ, ಅಜ್ಜಿ. ಇವತ್ತೇ ಕೆಲಸಕ್ಕೆ ಸೇರಿದ್ದು."

"ಪ್ರತಿ ಸಲಾನೂ ಇದೇ ಮಾತು," ಎಂದು ಅವಳು ಅಕ್ಕರೆಯಿಂದ ಗದರಿ ಪಕ್ಕಕ್ಕೆ ಸರಿದಳು. ಒಳಗೆ ಮೇಜಿನ ಸುತ್ತ ಅವನಷ್ಟೇ ಎತ್ತರದ ಗಂಡಸರು ತಲೆತಗ್ಗಿಸಿ ಉಣ್ಣುತ್ತಿದ್ದರು. ಚೀಲ ಹೊತ್ತೂ ಹೊತ್ತೂ ಎಲ್ಲರ ಬಲ ಹೆಗಲು ವಾಲಿತ್ತು. ಕೊನೆಯವನು ಕತ್ತೆತ್ತದೆಯೇ ಬೆಂಚಿನ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದ.