ಸಾಹೇಬರ ಶರಟು

ಲಾಕ್‌ಡೌನ್ ಆದಾಗ ಅಪಾರ್ಟ್‌ಮೆಂಟಿನವರು ಇಸ್ತ್ರಿಯವನ ಗಾಡಿಯನ್ನು ಗೇಟಿನಾಚೆ ಹಾಕಿಸಿದರು. ಮೇಲಿನ ಮನೆಯ ಸಾಹೇಬರು ಮಾತ್ರ ದಿನಕ್ಕೊಂದು ಶರಟನ್ನು ವಾಚ್‌ಮನ್ ಕೈಲಿ ಕಳಿಸುತ್ತಿದ್ದರು.

“ಪ್ಯಾಂಟ್ ಯಾಕ್ ಕೊಡಲ್ಲ ಅವ್ರು?” ಎಂದಳು ಇಸ್ತ್ರಿಯವನ ಹೆಂಡತಿ.

“ಮನೇಲೇ ಕೂತು ಟೀವೀಲಿ ಮಾತಾಡೋದು. ಎದೆ ಗಂಟ ಕಂಡ್ರೆ ಸಾಕಲ್ವಾ?”

ಸಂಜೆ ಇಬ್ಬರೂ ಟೀವಿ ಹಾಕಿದರು. ಅವನು ಇಸ್ತ್ರಿ ಮಾಡಿಕೊಟ್ಟ ಶರಟಿನಲ್ಲೇ ಸಾಹೇಬರು ಗುಡುಗುತ್ತಿದ್ದರು: “ವ್ಯಾಪಾರಕ್ಕೆ ಬೇಲಿ ಹಾಕಬೇಡಿ! ಗೇಟು ತೆರೆಯಿರಿ, ದುಡಿಯುವವರನ್ನು ಬಿಡಿ!”

“ನಮ್ ಪರವಾಗೇ ಮಾತಾಡ್ತಾವ್ರೆ ಕಣ್ರೀ,” ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಬೆಳಗ್ಗೆ ಬೇಗ ಇದ್ದಿಲು ಹೊತ್ತಿಸಿಕೊಂಡು ಗಾಡಿ ತಳ್ಳಿಕೊಂಡು ಬಂದರು. ಗೇಟು ನಿಜಕ್ಕೂ ತೆರೆದಿತ್ತು.

“ಸ್ವಲ್ಪ ಪಕ್ಕಕ್ ತಗೊಳಣ್ಣ,” ಎಂದ ವಾಚ್‌ಮನ್. “ಲಾಂಡ್ರಿ ಕಂಪನಿ ವ್ಯಾನು ಒಳಗ್ ಹೋಗ್ಬೇಕು. ಸಾಹೇಬ್ರೇ ಪಾಸ್ ಕೊಡ್ಸವ್ರೆ.”